ಮರಿಮಾದ ಹೆಪ್ಪು ತಂದದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇರೆಯವರು ಕತೆ ಹೇಳುವಾಗ ಅಲ್ಲಿಷ್ಟು ಇಲ್ಲಿಷ್ಟು ಬೆರೆಸುತ್ತಾರೆ, ನನಗೆ ಆ ಅಭ್ಯಾಸವಿಲ್ಲ. ಸುಳ್ಳು ಹೇಳಲು ಹೋದರೆ ನನಗೆ ಬಿಕ್ಕಳಿಕೆ ಬರುತ್ತದೆ, ಇದು ಸುತ್ತಲ ಮೂರು ಊರಿಗೆ ಗೊತ್ತು. ಈ ಕತೆಯನ್ನು ನೂರು ಸಲ ಹೇಳಿದ್ದೇನೆ, ಒಂದು ಸಲವೂ ಬಿಕ್ಕಿಲ್ಲ. ಇನ್ನು ಕೇಳಿ.

ಬೆಳ್ಳಕ್ಕಿಕೊಪ್ಪಲು ಅಂತ ಒಂದು ಊರು. ಅಲ್ಲಿ ದೇವೀರಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ, ಮರಿಮಾದ. ವಯಸ್ಸು ಇಪ್ಪತ್ತಾರು, ಮೀಸೆ ಹುಲುಸು, ಮನಸ್ಸು ಬೆಣ್ಣೆ. ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುವವನು. ಒಂದು ಕೂದಲೆಳೆ ಕಮ್ಮಿಯಿಲ್ಲ, ಒಂದು ಕೂದಲೆಳೆ ಜಾಸ್ತಿಯಿಲ್ಲ. ಮಳೆ ಬಂದರೆ ಬಟ್ಟೆ ಒಳಗೆ ತಗೊ ಅಂದರೆ, ಮೋಡ ಕವಿದು ಕತ್ತಲಾದರೂ ಅಂಗೈ ಚಾಚಿಕೊಂಡು ಹಗ್ಗದ ಕೆಳಗೆ ನಿಂತಿರುತ್ತಿದ್ದ. ಮೊದಲ ಹನಿ ಅಂಗೈಗೆ ಬಿದ್ದ ಮೇಲೆಯೇ ಬಟ್ಟೆಗೆ ಕೈ ಹಾಕುತ್ತಿದ್ದುದು.

ಒಂದು ದಿನ ದೇವೀರಮ್ಮ ನಾದಿನಿಯ ಮನೆಗೆ ಎರಡು ದಿನದ ಮಟ್ಟಿಗೆ ಹೊರಟಳು. ಹೊರಡುವಾಗ ಮಗನನ್ನು ಕರೆದು, "ಗಡಿಗೇಲಿ ಮೊಸರೈತೆ. ಪೂರ್ತಿ ತಿಂದ್ಬಿಡು ಮಗ, ಒಂಚೂರೂ ಉಳಿಸ್ಬೇಡ, ಹುಳಿಯಾಯ್ತದೆ" ಅಂದಳು.

ಮರಿಮಾದ ಪೂರ್ತಿ ತಿಂದ. ಗಡಿಗೆಯ ಒಳಗೆ ಬೆರಳಾಡಿಸಿ ತಿಂದ. ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಬಟ್ಟಲಿತ್ತು, ಅದರಲ್ಲೂ ಎರಡು ಚಮಚ ಮೊಸರಿತ್ತು. ಒಂಚೂರೂ ಉಳಿಸಬೇಡ ಅಂದಿದ್ದಾಳಲ್ಲ, ಅದನ್ನೂ ತಿಂದು ಬಟ್ಟಲನ್ನು ನೆಕ್ಕಿಟ್ಟ. ತಿಂದು ಜಗಲಿಯ ಮೇಲೆ ಮಲಗಿದ. ಮೇಲೆ ಮೋಡಗಳು ಕೆನೆಗಟ್ಟಿದ ಹಾಗೆ ನಿಂತಿದ್ದವು.

ದೇವೀರಮ್ಮ ವಾಪಸು ಬಂದು ಹಾಲು ಕಾಯಿಸಿ, ಆರಿಸಿ, ಗೂಡಿಗೆ ಕೈ ಹಾಕಿದಳು. ಬಟ್ಟಲು ಫಳಫಳ ಹೊಳೆಯುತ್ತಿತ್ತು.

"ಲೇ ಮಗ, ಇದರಲ್ಲಿದ್ದ ಹೆಪ್ಪು ಎಲ್ಲೋಯ್ತು?"

"ಹೆಪ್ಪು ನಾ ಕಾಣೆ ಕಣವ್ವ. ಮೊಸರಿತ್ತು, ತಿಂದೆ."

"ಅದೇ ಹೆಪ್ಪು ಕಣ್ಲಾ."

ಮರಿಮಾದ ಯೋಚಿಸಿದ. "ಎರಡೂ ಬೆಳ್ಳಗೆ, ಎರಡೂ ಹುಳಿ. ಮೊಸರಿಗೂ ಹೆಪ್ಪಿಗೂ ಏನವ್ವ ವ್ಯತ್ಯಾಸ?"

"ತಿಂದ್ರೆ ಮೊಸರು, ಉಳಿಸಿದ್ರೆ ಹೆಪ್ಪು" ಅಂದು ದೇವೀರಮ್ಮ ಗೋಡೆಗೊರಗಿ ಕೂತುಬಿಟ್ಟಳು.

ಇದೇನು ಮಹಾ, ಪಕ್ಕದ ಮನೆಗೆ ಹೋದರೆ ಒಂದು ಚಮಚ ಹೆಪ್ಪು ಸಿಗೋದಿಲ್ಲವೆ ಅಂತ ನೀವು ಕೇಳುತ್ತೀರಿ. ಸಿಗುತ್ತದೆ. ಮೊಸರು ಕೇಳಿದರೆ ಇಲ್ಲ ಅಂದಾರು, ಹೆಪ್ಪು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ದೀಪ ಹಚ್ಚುವ ಮುಂಚೆ ಹೋಗಬೇಕು, ಅಷ್ಟೇ. ಪಕ್ಕದ ಸಾಕಮ್ಮ ಕೊಟ್ಟಳು. ಮೊಸರೂ ಆಯಿತು. ಆದರೆ ದೇವೀರಮ್ಮ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು. ಅವಳ ಮನೆಯ ಹೆಪ್ಪು ಅವಳ ತವರಿನದು. ಮದುವೆಯಾಗಿ ಬರುವಾಗ ಅವಳ ಅವ್ವ ಒಂದು ಕುಡಿಕೆಯಲ್ಲಿ ಹಾಕಿ ಮಡಿಲಿಗಿಟ್ಟು ಕಳಿಸಿದ್ದು. ಇವತ್ತಿನ ಮೊಸರಿನಿಂದ ನಾಳೆಯದು, ನಾಳೆಯದರಿಂದ ನಾಡಿದ್ದಿನದು, ಹೀಗೆ ನಲವತ್ತು ವರ್ಷ ಒಂದು ಸಲವೂ ಕಡಿಯದೆ ಬಂದಿತ್ತು. ತವರಿನ ಮನೆ ಬಿದ್ದುಹೋಗಿ ಈಗ ಅಲ್ಲಿ ಹುರುಳಿ ಬೆಳೆಯುತ್ತಾರೆ. ಅವ್ವ ಇಲ್ಲ, ಅಪ್ಪ ಇಲ್ಲ. ಉಳಿದಿದ್ದದ್ದು ಈ ರುಚಿಯೊಂದೇ. ಅದೂ ಈಗ ಮರಿಮಾದನ ಹೊಟ್ಟೆಯಲ್ಲಿತ್ತು.

ದೇವೀರಮ್ಮ ಮೊಸರು ಬಿಟ್ಟಳು. ಊಟದ ಕೊನೆಗೆ ಅನ್ನದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು, ನೀರು ಕುಡಿದು ಏಳುತ್ತಿದ್ದಳು. ಅವಳು ಏಳುವುದನ್ನು ನೋಡಿ ನೋಡಿ ಮರಿಮಾದನಿಗೂ ಅನ್ನ ಇಳಿಯದಾಯಿತು.

ಆದರೆ ಅದೇ ಹೆಪ್ಪು ಇನ್ನೊಂದು ಮನೆಯಲ್ಲಿತ್ತು. ದೇವೀರಮ್ಮನ ಅಕ್ಕ ಚೆನ್ನಾಜಮ್ಮ, ಮರಿಮಾದನಿಗೆ ದೊಡ್ಡವ್ವ, ಒಂದೂವರೆ ಹರದಾರಿ ದೂರದ ಮೂಡಲಪುರದಲ್ಲಿದ್ದಳು. ಅವಳ ಮಡಿಲಿಗೂ ಅದೇ ಅವ್ವ ಅದೇ ಹೆಪ್ಪು ಹಾಕಿದ್ದಳು. ದೇವೀರಮ್ಮನಿಗೆ ಮಂಡಿನೋವು, ಅಷ್ಟು ದೂರ ನಡೆಯಲಾರಳು. ಮಗನನ್ನೇ ಕಳಿಸಬೇಕು.

"ಹೋಗಿ ದೊಡ್ಡವ್ವನ ತಾವ ಹೆಪ್ಪು ಈಸ್ಕೊಂಡು ಬಾ. ದಾರೀಲಿ ಎಲ್ಲೂ ನಿಲ್ಬೇಡ, ಓಡ್ಕೊಂಡು ಬಾ" ಅಂದಳು.

ಹೊರಟ ಮರಿಮಾದ. ಕೆರೆ ಏರಿ ಹತ್ತಿದ, ಇಳಿದ, ಹೊಂಗೆ ಸಾಲು ದಾಟಿದ, ಕಾಲುವೆ ದಾಟಿದ, ದೊಡ್ಡವ್ವನ ಜಗಲಿ ಮುಟ್ಟಿದ. ದೊಡ್ಡವ್ವ ಒಂದು ಮಣ್ಣಿನ ಕುಡಿಕೆಗೆ ಹೆಪ್ಪು ಹಾಕಿ, ಹಗ್ಗ ಕಟ್ಟಿ ಕೈಗೆ ಕೊಟ್ಟಳು. ಕೊಟ್ಟದ್ದೇ ತಡ ಮರಿಮಾದ ಓಡಿದ. ಕಾಲುವೆಯ ಕಟ್ಟೆಗೆ ಕುಡಿಕೆ ಟಪ್ಪನೆ ತಗುಲಿತು. ತಿರುಗಿ ನೋಡಿದ. ಚೂರುಗಳ ನಡುವೆ ಹೆಪ್ಪು ಬೆಳ್ಳಗೆ ಬಿದ್ದಿತ್ತು. ನಿಂತು ಎತ್ತಿಕೊಳ್ಳೋಣ ಅನ್ನಿಸಿತು, ಆದರೆ ಅವ್ವ ನಿಲ್ಲಬೇಡ ಅಂದಿದ್ದಾಳೆ. ಓಡಿದ. ಮನೆಗೆ ಬಂದ. ಮನೆಯಲ್ಲಿ ನಿಲ್ಲು ಅಂತಲೂ ಅವಳು ಹೇಳಿರಲಿಲ್ಲ. ಮನೆಯ ಸುತ್ತ ಓಡತೊಡಗಿದ. ನಾಲ್ಕನೆಯ ಸುತ್ತಿಗೆ ದೇವೀರಮ್ಮ ಅಡ್ಡ ಬಂದು ಅವನ ಅಂಗಿ ಹಿಡಿದಳು. ಅವನ ಕೈಯಲ್ಲಿ ಹಗ್ಗವೊಂದಿತ್ತು.

"ಹೆಪ್ಪೆಲ್ಲಿ?"

"ಕಾಲುವೆ ಹತ್ರ. ನಾನು ನಿಲ್ಲಲಿಲ್ಲ ಕಣವ್ವ. ಎಲ್ಲೂ ನಿಲ್ಲಲಿಲ್ಲ."

"ನಿನ್ನ ತಲೆಯೊಳಗೆ ಏನೈತ್ಲಾ?"

ಮರಿಮಾದ ತಲೆ ಮುಟ್ಟಿ ನೋಡಿಕೊಂಡ. "ಒಳಗಿನದು ಗೊತ್ತಿಲ್ಲ. ಮೇಲೆ ಹರಳೆಣ್ಣೆ ಐತೆ, ನೀನೇ ಬೆಳಿಗ್ಗೆ ಹಚ್ಚಿದ್ದು."

ದೇವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಹೆಪ್ಪನ್ನ ಹಂಗೆ ತರಾದಲ್ಲ ಕಣ್ಲಾ. ಮಲಗಿರೋ ಕೂಸನ್ನ ತರೋ ಹಂಗೆ ತರ್ಬೇಕು. ಮೆಲ್ಲಗೆ, ಜ್ವಾಪಾನವಾಗಿ."

ಸರಿ ಅಂದ ಮರಿಮಾದ. ಮಾರನೆಯ ದಿನ ಹೊರಟ. ಕೆರೆ ಏರಿ ಹತ್ತಿದ, ಇಳಿದ, ಹೊಂಗೆ ಸಾಲು ದಾಟಿದ, ಕಾಲುವೆ ದಾಟಿದ, ದೊಡ್ಡವ್ವನ ಜಗಲಿ ಮುಟ್ಟಿದ. ದೊಡ್ಡವ್ವ ಇನ್ನೊಂದು ಕುಡಿಕೆ ಕೊಟ್ಟಳು. ಅದನ್ನು ಎದೆಗವಚಿಕೊಂಡು, ಮೇಲೆ ಟವೆಲ್ ಹೊದಿಸಿ, ಕಾಲ ಬೆರಳ ಮೇಲೆ ನಡೆದ.

ಎದುರಿಗೆ ಒಂದು ಎತ್ತಿನ ಗಾಡಿ ಬಂತು. ಮರಿಮಾದ ತುಟಿಯ ಮೇಲೆ ಬೆರಳಿಟ್ಟು, "ಶ್, ಮಲಗೈತೆ" ಅಂದ. ಗಾಡಿಯವನು ಒಳ್ಳೆಯವನು, ಮಕ್ಕಳೊಂದಿಗ. ಇಳಿದು ಬಂದು ಎತ್ತುಗಳ ಕೊರಳ ಗಂಟೆಯನ್ನು ಒಂದೊಂದಾಗಿ ಮುಷ್ಟಿಯಲ್ಲಿ ಹಿಡಿದು ಸದ್ದಾಗದಂತೆ ಗಾಡಿ ದಾಟಿಸಿದ. ಕಳೆ ಕೀಳುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಇಡೀ ದಾರಿಯೇ ಪಿಸುಗುಟ್ಟಿಕೊಂಡು ನಡೆದಂತಿತ್ತು. ದೂರದ ಕೆರೆಯಲ್ಲಿ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತು, ಎಲ್ಲಿ ಎಚ್ಚರವಾಗಿಬಿಡುತ್ತದೋ ಅಂತ ಕಾಲು ಬದಲಿಸದೆ ಕಾದವು.

ಹೊಂಗೆ ಮರದ ಕೆಳಗೆ ಒಬ್ಬ ಅಜ್ಜಿ ಕೂತಿದ್ದಳು. ಟವೆಲಿನ ಗಂಟು ನೋಡಿ ಮೆಲ್ಲನೆ ಕೇಳಿದಳು. "ಗಂಡೋ ಹೆಣ್ಣೋ ಮಗ?"

"ಗೊತ್ತಿಲ್ಲಜ್ಜಿ. ಹಾಲಿಗೆ ಹಾಕಿದ ಮೇಲೆ ಗೊತ್ತಾಯ್ತದೇನೋ."

"ಯಾರ ಹಂಗೈತೆ?"

"ನಮ್ಮ ಅಜ್ಜಿ ಹಂಗೇ ಅಂತೆ. ನಮ್ಮವ್ವ ಹೇಳ್ತಾಳೆ."

"ಒಳ್ಳೇದಾಗ್ಲಿ. ಹಿಂಗೆ ನಿಲ್ಲಿಸ್ಕೊಂಡು ಹೋಗ್ಬೇಡ, ಮಲಗಿರೋ ಕೂಸನ್ನ ಮಲಗಿಸ್ಬೇಕು" ಅಂದು ಅಜ್ಜಿ ಎದ್ದು ಹೋದಳು.

ಹೌದಲ್ಲ ಅಂದುಕೊಂಡ ಮರಿಮಾದ. ಹೊಂಗೆಯ ಎಲೆ ಗುಡ್ಡೆ ಹಾಕಿ ಹಾಸಿಗೆ ಮಾಡಿದ, ಕುಡಿಕೆಯನ್ನು ಮಗ್ಗುಲಿಗೆ ಮಲಗಿಸಿದ, ತಾನೂ ಪಕ್ಕದಲ್ಲಿ ಮಲಗಿ ಅದರ ಹೊಟ್ಟೆ ತಟ್ಟತೊಡಗಿದ. ಬಿಸಿಲು ಎಲೆಗಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಗಾಳಿ ಒಂದು ಸಲ ಬಂದು ನೋಡಿ ಹೋಯಿತು. ತಟ್ಟುತ್ತ ತಟ್ಟುತ್ತ ಅವನಿಗೇ ಜೋಂಪು ಹತ್ತಿತು. ಎದ್ದಾಗ ಅಂಗಿಯ ತೋಳು ಒದ್ದೆ. ಕೂಸು ಒದ್ದೆ ಮಾಡಿಕೊಂಡಿದೆ ಅಂತ ಕುಡಿಕೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ. ಉಳಿದದ್ದೂ ಬಂತು. ಎಲೆಯಲ್ಲಿ ಒಳಗೂ ಹೊರಗೂ ಚೆನ್ನಾಗಿ ಒರೆಸಿ, ಮತ್ತೆ ಎದೆಗವಚಿಕೊಂಡು ಮನೆಗೆ ತಂದ.

ದೇವೀರಮ್ಮ ಟವೆಲ್ ಬಿಚ್ಚಿ ನೋಡಿದಳು. ಕುಡಿಕೆಯಲ್ಲಿ ಒಂದು ಇರುವೆ ದಾರಿ ತಪ್ಪಿ ಓಡಾಡುತ್ತಿತ್ತು.

"ದಾರೀಲಿ ಒದ್ದೆ ಮಾಡ್ಕೊಂತು ಕಣವ್ವ. ನಾನೇ ಒರೆಸ್ದೆ. ಅಳಲಿಲ್ಲ, ಪಾಪ."

"ಅದು ಅಳಲ್ಲ ಕಣ್ಲಾ, ನಾನು ಅಳ್ಬೇಕು. ಕುಡಿಕೇನ ನೆಟ್ಟಗೆ ಹಿಡ್ಕೊಳ್ಳೋದು ಕಲಿ. ಬಿಸಿಲು ಬೇರೆ ಹೆಂಗೈತೆ, ಹುಳಿಯಾಗೋದ್ರೆ ರುಚಿ ಕೆಡ್ತದೆ. ದಾರೀಲಿ ನೀರು ಕಂಡ ಕಡೆಯೆಲ್ಲ ಒಂದ್ಸಲ ಅದ್ದಿ, ತಣ್ಣಗೆ ಮಾಡ್ಕೊಂಡು ಬಾ."

ಸರಿ ಅಂದ ಮರಿಮಾದ. ಮೂರನೆಯ ಸಲ ಹೊರಟ. ಕೆರೆ ಏರಿ ಹತ್ತಿದ, ಇಳಿದ, ಹೊಂಗೆ ಸಾಲು ದಾಟಿದ, ಕಾಲುವೆ ದಾಟಿದ, ದೊಡ್ಡವ್ವನ ಜಗಲಿ ಮುಟ್ಟಿದ.

ಈ ಸಲ ದೊಡ್ಡವ್ವ ಕುಡಿಕೆ ಕೊಡಲಿಲ್ಲ. ಮೊದಲ ಕುಡಿಕೆಯ ಗತಿ ಕೇಳಿ ಅವಳು ಹಿಂದಿನ ದಿನವೇ ಒಂದು ಉಪಾಯ ಮಾಡಿದ್ದಳು. ಅಂಗೈಯಗಲದ ಬಿಳಿ ಬಟ್ಟೆಯನ್ನು ಹೆಪ್ಪಿನಲ್ಲಿ ನೆನೆಸಿ, ನೆರಳಲ್ಲಿ ಹರವಿ ಒಣಗಿಸಿದ್ದಳು. ಗರಿಗರಿ ಅನ್ನುತ್ತಿತ್ತು ಅದು. "ತಗೊ ಮಗ. ಇದು ಒಡೆಯಲ್ಲ, ಚೆಲ್ಲಲ್ಲ. ಹೆಪ್ಪೆಲ್ಲ ಇದರೊಳಗೆ ನಿದ್ದೆ ಮಾಡ್ತಾ ಐತೆ. ನಿಮ್ಮವ್ವ ಬೆಚ್ಚಗಿನ ಹಾಲಿಗೆ ಹಾಕಿದ್ರೆ ಎದ್ದುಬಿಡ್ತದೆ."

ಇಂಥಾ ಉಪಾಯವನ್ನು ಕೆಡಿಸಲು ಯಾರಿಂದಲೂ ಆಗುವುದಿಲ್ಲ ಅಂತ ದೊಡ್ಡವ್ವ ಅಂದುಕೊಂಡಳು. ಅವಳಿಗೆ ಮರಿಮಾದನ ಪರಿಚಯ ಕಮ್ಮಿ.

ಮರಿಮಾದ ಕಾಲುವೆ ಕಂಡ, ಬಟ್ಟೆಯನ್ನು ಅದ್ದಿದ. ಪಂಪ್‌ಸೆಟ್ಟಿನ ತೊಟ್ಟಿ ಕಂಡ, ಅದ್ದಿದ. ದನ ನೀರು ಕುಡಿಯುವ ಬಾನಿ ಕಂಡ, ದನವನ್ನು ಪಕ್ಕಕ್ಕೆ ಸರಿ ಅಂತ ಕೇಳಿಕೊಂಡು ಅದ್ದಿದ. ಕೆರೆ ಕಂಡ. ಕೆರೆ ದೊಡ್ಡದು, ಒಂದ್ಸಲ ಸಾಲದು ಅಂತ ಮೂರು ಸಲ ಅದ್ದಿದ. ಪ್ರತಿ ಸಲವೂ ನೀರಿನಲ್ಲಿ ಒಂದು ಬಿಳಿ ಮೋಡ ಬಿಟ್ಟುಕೊಂಡು ಮೆಲ್ಲಗೆ ಹರಡುತ್ತಿತ್ತು. ಹೆಪ್ಪು ನಿದ್ದೆಯಲ್ಲಿ ಉಸಿರಾಡುತ್ತಿದೆ ಅಂದುಕೊಂಡು ಮರಿಮಾದ ಬಹಳ ಹೊತ್ತು ನೋಡಿದ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಇಷ್ಟು ಅದ್ದೋನು ಸೋಪೂ ಹಚ್ಚಣ್ಣ" ಅಂತ ತನ್ನ ಸೋಪು ಕೊಟ್ಟಳು. ಅದು ಅವ್ವ ಹೇಳಿರಲಿಲ್ಲ, ಆದ್ದರಿಂದ ಹಚ್ಚಲಿಲ್ಲ. ಪೆದ್ದನಿಗೂ ಒಂದು ಕಟ್ಟುನಿಟ್ಟು ಇರುತ್ತದೆ.

ದೇವೀರಮ್ಮ ಬಟ್ಟೆಯನ್ನು ಮೂಸಿದಳು. ಕೆರೆಯ ವಾಸನೆ. ಬಟ್ಟೆಯನ್ನು ಮಡಿಚಿ ಮಡಿಚಿ ಚಿಕ್ಕದು ಮಾಡಿ ಅಂಗೈಯಲ್ಲಿಟ್ಟುಕೊಂಡು ಕೂತಳು. ಅದನ್ನು ನೋಡಿ ಮರಿಮಾದ ಪಕ್ಕಕ್ಕೆ ಬಂದು ಕೂತ.

"ಬೈಯವ್ವ" ಅಂದ.

"ಬೈದು ಏನ್ಮಾಡ್ಲಿ ಮಗ. ನಾಡಿದ್ದು ನಿಮ್ಮ ದೊಡ್ಡವ್ವ ಮಗಳ ಬಾಣಂತನಕ್ಕೆ ಹೊರಡ್ತಾಳೆ. ಬರೋದು ಇನ್ನು ಐದು ತಿಂಗಳು. ಅವಳ ಎಮ್ಮೇನೂ ಬತ್ತಿಹೋಗೈತೆ, ಮನೆಗೆ ಬೀಗ. ಅಲ್ಲಿಗೆ ಆ ಹೆಪ್ಪೂ ಮುಗೀತು. ನಾಳೆ ಒಂದಿನ ಐತೆ. ನಾಳೆ ತಂದ್ರೆ ಉಂಟು, ಇಲ್ದಿದ್ರೆ ಇಲ್ಲ."

ಆಮೇಲೆ ಒಂದೊಂದು ಮಾತನ್ನೂ ಕಲ್ಲಿನ ಮೇಲೆ ಕೆತ್ತಿದ ಹಾಗೆ ಹೇಳಿದಳು. "ನೀರು ತಾಗಿಸ್ಬೇಡ. ಬೆಚ್ಚಗಿರೋ ಹಾಲಿಗೆ ಮಾತ್ರ ಅದ್ದಬೇಕು. ಹಾಲು ತಣ್ಣಗಾಗೋ ಮುಂಚೆ ಅದ್ದಬೇಕು. ಅದ್ದಿದ ಮೇಲೆ ಗಟ್ಟಿಯಾಗೋವರೆಗೂ ಅಲುಗಾಡಿಸ್ಬಾರ್ದು, ಕದಲಿಸ್ಬಾರ್ದು, ಗದ್ದಲ ಮಾಡ್ಬಾರ್ದು."

ಮಾರನೆಯ ದಿನ ಹೊತ್ತು ಹುಟ್ಟುವ ಮುಂಚೆಯೇ ಮರಿಮಾದ ದೊಡ್ಡವ್ವನ ಜಗಲಿಯಲ್ಲಿದ್ದ. ದೊಡ್ಡವ್ವನ ಬಳಿ ಒಣಗಿಸಿದ ಬಟ್ಟೆ ಇನ್ನೊಂದೇ ಒಂದಿತ್ತು. ಗಡಿಗೆಗಳೆಲ್ಲ ಆಗಲೇ ಬೋರಲು ಬಿದ್ದಿದ್ದವು. ಅವಳು ಅವನ ಬಲಗೈಯನ್ನು ಮೊಣಕೈವರೆಗೆ ಸೀಗೆಪುಡಿ ಹಾಕಿ ತೊಳೆಸಿ, ಒರೆಸಿ, ಬಟ್ಟೆಯನ್ನು ಮಣಿಕಟ್ಟಿಗೆ ಸುತ್ತಿ ಏಳು ಗಂಟು ಹಾಕಿದಳು. "ನೀನು ಬಿಚ್ಬೇಡ. ಯಾರು ಬಿಚ್ಬೇಕು?"

"ನಮ್ಮವ್ವ."

"ಇನ್ನೊಂದ್ಸಲ ಹೇಳು."

"ನಮ್ಮವ್ವ."

ನೀರು ತಾಗಬಾರದಲ್ಲ. ಮರಿಮಾದ ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿಕೊಂಡು ನಡೆದ. ಕಾಲುವೆಯನ್ನು ಹಾಗೆಯೇ ದಾಟಿದ. ಹಸಿ ಹುಲ್ಲಿನ ಮೇಲಿನ ಇಬ್ಬನಿಗೂ ಹೆದರಿದ. ಗಾಡಿಯವನು ಯಾರೋ ಹರಕೆ ಹೊತ್ತವನು ಅಂತ ಕೈ ಮುಗಿದ. ಕೆರೆ ಏರಿಯ ಮೇಲೆ ಆ ಕೈ ಒಂದು ಬೆಳ್ಳಕ್ಕಿಯ ಕುತ್ತಿಗೆಯಂತೆ ಆಕಾಶದಲ್ಲಿ ತೇಲಿಕೊಂಡು ಬಂತಂತೆ. ನೋಡಿದವರು ಹೇಳಿದ್ದು, ನಾನಲ್ಲ.

ಮನೆಗೆ ಬಂದಾಗ ಹತ್ತು ಗಂಟೆಯ ಬಿಸಿಲು. ಅಡುಗೆಮನೆಯಲ್ಲಿ ಅಗಲ ಬಾಯಿಯ ಮಡಕೆಯಲ್ಲಿ ಹಾಲು ಕಾದು ಆರುತ್ತಿತ್ತು. ಅವ್ವ ಇರಲಿಲ್ಲ. ಹಿತ್ತಲಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದಳು. ಮರಿಮಾದ ಎಡಗೈ ಬೆರಳಿನಿಂದ ಮಡಕೆಯ ಹೊಟ್ಟೆ ಮುಟ್ಟಿ ನೋಡಿದ. ಬೆಚ್ಚಗಿತ್ತು. ಇನ್ನೊಂದು ಗಳಿಗೆಗೆ ತಣ್ಣಗಾಗಬಹುದು. ತಣ್ಣಗಾಗುವ ಮುಂಚೆ ಅದ್ದಬೇಕು. ಗಂಟು ಬಿಚ್ಚುವ ಹಾಗಿಲ್ಲ. ಗದ್ದಲ ಮಾಡುವ ಹಾಗಿಲ್ಲ, ಕೂಗುವುದು ಹೇಗೆ?

ಅವನು ಮಡಕೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಕೈಯನ್ನು ಮಣಿಕಟ್ಟಿನವರೆಗೂ ಹಾಲಿಗೆ ಇಳಿಬಿಟ್ಟ.

ದೇವೀರಮ್ಮ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಬಂದ್ಯಾ ಮಗ, ಹೆಪ್ಪು..." ಅಂದವಳು ಹೊಸ್ತಿಲಲ್ಲೇ ನಿಂತಳು. ಮರಿಮಾದ ಕಣ್ಣಿನಲ್ಲೇ ಮಡಕೆ ತೋರಿಸಿದ.

ಎಳೆದು ಎಬ್ಬಿಸೋಣವೆ? ಬಟ್ಟೆ ಆಗಲೇ ನೆನೆದಿತ್ತು, ಹೆಪ್ಪು ಹಾಲಿಗೆ ಇಳಿಯುತ್ತಿತ್ತು. ಕೈ ಎಳೆದರೆ ಎಲ್ಲ ಕದಡುತ್ತದೆ. ಇದು ಬಿಟ್ಟರೆ ಇನ್ನಿಲ್ಲ. ದೇವೀರಮ್ಮ ಬೈಗುಳವನ್ನು ನುಂಗಿಕೊಂಡಳು. ಸದ್ದಾಗದಂತೆ ಬಂದು, ಮಡಕೆಗೂ ಮಗನ ಕೈಗೂ ಸೇರಿಸಿ ಕಂಬಳಿ ಹೊದಿಸಿ, ಎದುರಿನ ಗೋಡೆಗೆ ಒರಗಿ ಕೂತಳು.

ಮಧ್ಯಾಹ್ನ ಮೆಲ್ಲಗೆ ಬಂತು. ಸೂರಿನ ಬೆಳಕಿಂಡಿಯಿಂದ ಒಂದು ಬಿಸಿಲ ಬಿಲ್ಲೆ ನೆಲಕ್ಕೆ ಬಿದ್ದು, ನೆಲದಿಂದ ಗೋಡೆಗೆ, ಗೋಡೆಯಿಂದ ದೇವೀರಮ್ಮನ ಸೆರಗಿಗೆ ಹತ್ತಿತು. ಹಿತ್ತಲಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು. ಮರಿಮಾದನ ಕಣ್ಣು ತೂಗುತ್ತಿತ್ತು, ಕೈ ಮಾತ್ರ ಕದಲಲಿಲ್ಲ. ಹಾಲಿನೊಳಗೆ ಬೆರಳುಗಳು ಮೊದಲು ಹಗುರವಾಗಿದ್ದವು. ಆಮೇಲೆ ಯಾವಾಗಲೋ ಬೆರಳ ಸಂದಿಗೆ ಏನೋ ಮೆತ್ತಗೆ ಬಂದು ಕೂತಂತಾಯಿತು. ಆಮೇಲೆ ಯಾರೋ ಬಹಳ ವಯಸ್ಸಾದವರು ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಇಟ್ಟುಕೊಂಡಂತಾಯಿತು. ಅಜ್ಜಿಯನ್ನು ಅವನು ನೋಡಿರಲಿಲ್ಲ. ಅವಳ ಕೈ ಹೀಗೇ ಇದ್ದಿರಬೇಕು ಅಂದುಕೊಂಡ. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಹೊತ್ತು ಇಳಿಯುವಾಗ ದೇವೀರಮ್ಮ ಕಂಬಳಿ ಸರಿಸಿ ಬೆರಳ ತುದಿಯಿಂದ ಮಡಕೆಯ ಅಂಚು ಮುಟ್ಟಿದಳು. ಮೊಸರು ಕನ್ನಡಿಯಂತೆ ಕೂತಿತ್ತು, ನಡುವೆ ಮಗನ ಕೈ ನೆಟ್ಟ ಕಂಬದ ಹಾಗೆ. ಒಂದು ಚಮಚ ತೆಗೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ.

"ಅವ್ವ, ಕೆಟ್ಟೋಯ್ತಾ?" ಪಿಸುಗುಟ್ಟಿದ ಮರಿಮಾದ.

"ಇಲ್ಲ ಕಂದ" ಅಂದಳು. "ನಮ್ಮವ್ವ ಬಂದವ್ಳೆ."

ಅವತ್ತು ಅವಳು ತಟ್ಟೆಯ ತುಂಬ ಅನ್ನ ಕಲಸಿ, ಒಂದು ಕಲ್ಲುಪ್ಪು ಹಾಕಿ, ಕೊನೆಯ ಅಗುಳಿನವರೆಗೂ ಉಂಡಳು. ಮಗನಿಗೆ ತಾನೇ ತುತ್ತು ಮಾಡಿ ಹಾಕಿದಳು, ಅವನ ಬಲಗೈಗೆ ಪುರುಸೊತ್ತಿರಲಿಲ್ಲವಲ್ಲ. ಆಮೇಲೆ ಕೈ ತೆಗೆಸಿ, ಏಳು ಗಂಟು ಬಿಚ್ಚಿ, ಆ ಕೈ ಹಿಡಿದುಕೊಂಡೇ ಹೇಳಿದಳು. "ನೀನು ತಂದ ಹೆಪ್ಪು ಇದು. ಇನ್ಮೇಲೆ ನೀನೇ ಕಾಪಾಡ್ಬೇಕು. ಯಾರು ಕೇಳಿದ್ರೂ ಇಲ್ಲ ಅನ್ಬೇಡ. ಆದ್ರೆ ಎಷ್ಟು ಕೊಟ್ರೂ ಮನೆಗೆ ಅಂತ ಒಂಚೂರು ಉಳಿಸ್ಕೊ." ಹೇಳಿ, ತಾನೂ ಒಂದು ಬಟ್ಟಲಿಗೆ ತೆಗೆದಿಟ್ಟುಕೊಂಡಳು. ಮಗನ ವಿಷಯ ಗೊತ್ತಿತ್ತು ಅವಳಿಗೆ.

ಮಾರನೆಯ ದಿನ ಬೆಳಿಗ್ಗೆ ದೇವೀರಮ್ಮ ಹಾಲು ಕರೆಯುತ್ತಿದ್ದಾಗ ಪಕ್ಕದ ಸಾಕಮ್ಮ ಬೇಲಿಯಾಚೆಯಿಂದ ಕೇಳಿದಳು. "ದೇವೀರಕ್ಕ, ನಿಮ್ಮ ಹೆಪ್ಪು ಬಂತಂತಲ್ಲ. ಹಾಲು ಕಾಯಿಸಿಟ್ಟಿವ್ನಿ, ಒಂಚೂರು ಕೊಡವ್ವ."

"ಮರೀ, ಹೋಗಿ ಹೆಪ್ಪು ಕೊಟ್ಟು ಬಾ" ಅಂದಳು ದೇವೀರಮ್ಮ, ಎಮ್ಮೆಯ ಕೆಚ್ಚಲಿನಿಂದ ಕಣ್ಣೆತ್ತದೆ.

ಮರಿಮಾದ ಹೋದ. ಮಧ್ಯಾಹ್ನವಾಯಿತು, ಬರಲಿಲ್ಲ. ದೇವೀರಮ್ಮ ಹುಡುಕಿಕೊಂಡು ಹೊರಟಳು. ಸಾಕಮ್ಮನ ಮನೆಯ ಅಡುಗೆಮನೆ ಬಾಗಿಲಲ್ಲಿ ಅವಳ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗೆ ಹಾಲಿನ ಪಾತ್ರೆಯ ಪಕ್ಕ ಮರಿಮಾದ ಕೂತಿದ್ದ, ಕೈ ಹಾಲಿನೊಳಗೆ, ಕಣ್ಣು ಅರೆಮುಚ್ಚಿ.

"ಏನ್ ದೇವೀರಕ್ಕ ಇದು?" ಅಂದಳು ಸಾಕಮ್ಮ, ಪಿಸುದನಿಯಲ್ಲೇ. "ಬಂದೋನು ಮಾತಿಲ್ಲ ಕತೆಯಿಲ್ಲ, ಕೈ ಅದ್ದಿ ಕೂತ್ಬಿಟ್ಟ. ಏಳಪ್ಪ ಅಂದ್ರೆ ಶ್ ಅಂತಾನೆ. ನಮ್ಮನೆಯೋರು ಕೆಮ್ಮೋಕೂ ಬಿಟ್ಟಿಲ್ಲ."

ದೇವೀರಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದಳು. ನಾಲ್ಕು ಬೆರಳು ಹಾಲಿನಲ್ಲಿದ್ದವು. ಕಿರುಬೆರಳೊಂದನ್ನು ಮಾತ್ರ ಮೇಲಕ್ಕೆತ್ತಿ, ಒದ್ದೆಯಾಗದ ಹಾಗೆ ನೆಟ್ಟಗೆ ಹಿಡಿದುಕೊಂಡಿದ್ದ.

"ಇದ್ಯಾಕ್ಲಾ ಮಗ, ಇದೊಂದನ್ನ ಮೇಲಕ್ಕೆತ್ತಿದ್ದೀಯ?"

"ಇದು ಮನೆಗೆ ಕಣವ್ವ" ಅಂದ ಮರಿಮಾದ. "ಒಂಚೂರು ಉಳಿಸ್ಕೊ ಅಂದ್ಯಲ್ಲ."

ಹೇಳಿದೆನಲ್ಲ, ಒಂದಕ್ಷರವೂ ಸುಳ್ಳಿಲ್ಲ. ಸರಿ, ನೀವು ಹೀಗೆ ದಿಟ್ಟಿಸಿ ನೋಡುತ್ತಿರುವುದರಿಂದ ಒಂದು ಸಣ್ಣ ವಿಷಯ ಒಪ್ಪಿಕೊಳ್ಳುತ್ತೇನೆ. ಅದು ಕಿರುಬೆರಳಲ್ಲ, ಹೆಬ್ಬೆರಳು. ಕಿರುಬೆರಳು ಅಂದರೆ ಕೇಳೋಕೆ ಚೆಂದ ಅಂತ ಹಾಗೆ ಹೇಳಿದೆ.